ಸಿಗ್ನಲ್ ಕಟ್ ಮಾಡೋ ಗುಳಿಗಿ

ಕ್ಯಾನ್ಸರ್ ಡಾಕ್ಟರ ಹತ್ತಿರ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಹುಬ್ಬಳ್ಳಿ ವಿದ್ಯಾನಗರದ ನಮ್ಮ ಓಪಿಡಿಯಲ್ಲಿ ಒಂದು ಮುಂಜಾನೆ ಕೂತು ನೋಡಬೇಕು. ರೋಗ ಯಾಕೆ ಬೆಳೆಯುತ್ತದೆಂದು ನಾನು ಬಿಡಿಸಿ ಹೇಳಲು ಹೊರಟಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

೧. ಅಕ್ಕಿ ಡಬ್ಬಿ

ರಕ್ತದ ಕ್ಯಾನ್ಸರ್ ಇದ್ದ ಅಜ್ಜಿಯೊಬ್ಬರಿಗೆ ಹೇಳಿದೆ: "ಅಮ್ಮಾರ, ಮೈಯಾಗಿನ ಜೀವಕೋಶಕ್ಕ 'ಬೆಳಿ' ಅಂತ ಒಂದು ಸಿಗ್ನಲ್ ಬರ್ತೈತ್ರಿ. ಕೆಲಸ ಮುಗದ ಮ್ಯಾಲ ಅದು ನಿಲ್ಲಬೇಕು. ನಿಮ್ಮ ರಕ್ತದಾಗ ನಿಲ್ಲವಲ್ದು. ಈ ಗುಳಿಗಿ ಆ ಸಿಗ್ನಲ್ ಕಟ್ ಮಾಡ್ತೈತಿ."

ಮೂರು ತಿಂಗಳಿಗೆ ರಿಪೋರ್ಟ್ ಬಹಳ ಛಲೋ ಬಂತು. ಹೇಳೋಣವೆಂದು ಎರಡು ದಿನ ಫೋನ್ ಮಾಡಿದರೂ ಎತ್ತುವವರಿಲ್ಲ. ಮೂರನೇ ದಿನ ಅಜ್ಜಿ ತಾವೇ ನಗುತ್ತಾ ಬಂದರು.

"ಫೋನ್ ಯಾಕ ಎತ್ತಲಿಲ್ರಿ?"

"ಸಿಗ್ನಲ್ ಕಟ್ ಆಗಬೇಕಂತ ನೀವ ಹೇಳಿದ್ರಲ್ಲ! ಅಕ್ಕಿ ಡಬ್ಬ್ಯಾಗ ಹೂತಿಟ್ಟೇನಿ."

ಮೊಬೈಲಿಗೂ ಇದಕ್ಕೂ ಸಂಬಂಧವೇ ಇಲ್ಲವೆಂದು ತಿಳಿಸಿ ಹೇಳಿದೆ. "ಗೊತ್ತಾತ್ರಿ. ಆದ್ರ ನನ್ನ ತಂಗಿಗೆ ಮಾತ್ರ ಹೇಳಬ್ಯಾಡ್ರಿ. ದಿನಾ ಎರಡು ತಾಸು ಮಾತಾಡತಿದ್ಲು. ಅಕೀ ಸಿಗ್ನಲ್ ಕಟ್ ಆದಾಗಿಂದ ಭಾಳ ಆರಾಮ ಐತಿ!"

೨. ಬಾಜೂ ದಾರಿ

ಹುಬ್ಬಳ್ಳಿ-ಧಾರವಾಡ ಬಸ್ಸಿನ ಡ್ರೈವರ್ ಒಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್. ವರ್ಷಗಟ್ಟಲೆ ರೋಗವನ್ನು ಹಿಡಿದಿಟ್ಟ ಗುಳಿಗೆ ಕೈಕೊಟ್ಟು ಗಡ್ಡೆ ಮತ್ತೆ ಬೆಳೆಯಿತು.

"ಸಿಗ್ನಲ್ ಹೋಗೋ ದೊಡ್ಡ ರಸ್ತಾ ನಾವು ಬಂದ್ ಮಾಡಿದ್ವಿ. ಅದು ಬಾಜೂ ದಾರಿ ಹಿಡದೈತಿ. ಈಗ ಎರಡೂ ಬಂದ್ ಮಾಡೋಣು, ಎರಡು ಔಷಧ ಕೊಡ್ತೇನಿ," ಅಂದೆ.

ಅವರು ತಲೆ ತಗ್ಗಿಸಿದರು. ಅಳುತ್ತಾರೇನೋ ಎಂದು ನೀರಿನ ಗ್ಲಾಸು ಮುಂದೆ ಸರಿಸಿದೆ.

"ಸಾಹೇಬ್ರ, ಹಂಗಾರ ಇದು ಆಟೋದವರ ಜಾತೀದ ರೋಗ ಬಿಡ್ರಿ. ನಾವು ಬಸ್ಸಿನವರು ರಸ್ತಾ ಬಂದ್ ಇದ್ರ ನಿಂತಬಿಡ್ತೇವಿ. ಗಲ್ಲಿ ಹೊಕ್ಕು ಹೋಗೋರು ಅವರ!"

ಎರಡೂ ಔಷಧ ಕೆಲಸ ಮಾಡಿದವು. ಈಗ ಪ್ರತಿ ಸಲವೂ ಬಾಗಿಲಲ್ಲೇ ಕೇಳುತ್ತಾರೆ, "ಆಟೋ ನಿಂತೈತೇನ್ರಿ?"

೩. ಮೊಡವಿ

ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರಿಗೂ ಶ್ವಾಸಕೋಶದ ಕ್ಯಾನ್ಸರ್, ಇಂಥದೇ ಗುಳಿಗೆ. ಅದು ತಡೆಯುವ 'ಬೆಳಿ' ಸಿಗ್ನಲ್ ಚರ್ಮಕ್ಕೂ ಬೇಕೆಂದು ಮೊದಲೇ ಹೇಳಿದ್ದೆ. ಹೇಳಿದಂತೆಯೇ ಮುಖದ ತುಂಬ ಮೊಡವೆಯಂಥ ಗುಳ್ಳೆ ಎದ್ದವು. ಸೆರಗಿನಿಂದ ಮುಖ ಮುಚ್ಚಿಕೊಂಡು ಬಂದರು, ಯಜಮಾನರು ಹಿಂದೆ.

"ಮುಂದಿನ ವಾರ ಮೊಮ್ಮಗಳ ಲಗ್ನ ಅದ. ಈ ಮಾರಿ ಇಟಗೊಂಡು ಹೆಂಗ ಹೋಗ್ಲಿ? ಗುಳಿಗಿ ಬಿಡ್ತೇನಿ."

"ಅಕ್ಕಾವ್ರ, ಬಿಟ್ರ ಗಡ್ಡಿ ಬೆಳೀತೈತ್ರಿ. ಮುಲಾಮು ಕೊಡ್ತೇನಿ, ಗುಳ್ಳಿ ಕಡಿಮಿ ಆಗ್ತಾವ," ಎಂದು ಬೇಡಿಕೊಂಡೆ. ಸೆರಗು ಅಲ್ಲಾಡಲಿಲ್ಲ.

ಹಿಂದೆ ನಿಂತಿದ್ದ ಯಜಮಾನರು ಕೆಮ್ಮಿದರು. "ಡಾಕ್ಟರ್ ಸಾಹೇಬ್ರ, ಐವತ್ತು ವರ್ಷದ ಹಿಂದ ನಾನು ಇಕೀನ್ನ ನೋಡಲಿಕ್ಕೆ ಹೋದಾಗ ಮಾರಿ ತುಂಬ ಹಿಂಗ ಮೊಡವಿ ಇದ್ವು. ಆದ್ರೂ ನಾನು ಹೂಂ ಅಂದೆ."

ಸೆರಗು ಸರಕ್ಕನೆ ಕೆಳಗಿಳಿಯಿತು. ಗುಳ್ಳೆಗಳ ನಡುವೆ ಕಣ್ಣು ಮಿಂಚುತ್ತಿದ್ದವು.

"ಮುಲಾಮು ಬರದು ಕೊಡ್ರಿ, ಗುಳಿಗಿ ಬಿಡೂದಿಲ್ಲ. ಆದ್ರ ಡಾಕ್ಟರ್, ಆವಾಗ ಇವರ ತಲಿ ತುಂಬ ಕೂದಲಿದ್ವು, ಅದನ್ನ ನೋಡಿ ನಾನೂ ಹೂಂ ಅಂದಿದ್ದೆ. ಈಗ ಬೋಳಾದ ಆ ತಲಿಗೆ 'ಬೆಳಿ' ಅಂತ ಸಿಗ್ನಲ್ ಕೊಡೋ ಗುಳಿಗಿ ಏನರೆ ಅದ ಏನ್ರಿ?"

ನನಗರಿವಿಲ್ಲದೆ ನನ್ನ ಕೈ ನನ್ನದೇ ಬೋಳು ನೆತ್ತಿಯ ಮೇಲೆ ಹೋಯಿತು. "ಇದ್ದಿದ್ರ ಮೊದಲು ನಾನ ನುಂಗತಿದ್ದೆ, ಅಕ್ಕಾವ್ರ!"