ಫಾರಿನ್ ಕಾರು ಕಟ್ಟೆಯೆದುರು ನಿಂತದ್ದು

ಕೊಂಡರೆ ಫಾರಿನ್ ಕಾರು, ಇಲ್ಲವಾದರೆ ಬದುಕಿಡೀ ಬಸ್ಸು! ಪೈವಳಿಕೆಯ ನಮ್ಮ ಮನೆಯ ಜಗಲಿಯಲ್ಲಿ ನಿಂತು ನಾನು ಈ ಭೀಷ್ಮ ಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಂಡದ್ದು ಒಂದು ಬೆಕ್ಕು ಮತ್ತು ನನ್ನ ಹೆಂಡತಿ ಸೌದಾಮಿನಿ. ಬೆಕ್ಕು ಎದ್ದು ಹೋಯಿತು. ಸೌದಾಮಿನಿ ಹೋಗಲಿಲ್ಲ.

“ಇಲ್ಲಿಯೇ ಮಾಡಿದ ಊರಿನ ಕಾರಿಗೆ ಎಂತ ಆಗಿದೆ?”

“ನಂಬಿಕೆ ಸೌದಾಮಿನಿ, ನಂಬಿಕೆ! ಫಾರಿನ್ ಕಾರು ದಾರಿಯಲ್ಲಿ ಕೈ ಕೊಡುವುದಿಲ್ಲ.”

“ಕೊಟ್ಟರೆ? ಊರಿನದ್ದಾದರೆ ಯಾವ ಗ್ಯಾರೇಜಿನಲ್ಲಿಯೂ ರಿಪೇರಿ ಮಾಡ್ತಾರೆ. ನಿಮ್ಮ ಫಾರಿನ್‌ನದ್ದು ಒಂದು ಬೋಲ್ಟು ಬಿದ್ದರೆ ಅದನ್ನು ತರಲಿಕ್ಕೆ ಹಡಗು ಬರಬೇಕು!”

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಈ ಕೇಶವಪ್ರಸಾದ ಮಾಷ್ಟ್ರಿಗೆ ತರ್ಕದಲ್ಲಿ ಸೋತು ಅಭ್ಯಾಸವಿಲ್ಲ. ಮನೆಯೊಳಗಿನ ವಿಷಯ ಬೇರೆ. ಅಲ್ಲಿ ಗೆಲ್ಲಬೇಕಾದರೆ ಪ್ರತ್ಯಕ್ಷ ಪ್ರಮಾಣವೇ ಬೇಕು.

ಆ ಪ್ರಮಾಣವನ್ನು ದೇವರೇ ಒದಗಿಸಿದ. ಸೌದಾಮಿನಿಯ ತಮ್ಮ ಗಣೇಶಪ್ರಸಾದ ಎಣ್ಮಕಜೆಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಅವನಲ್ಲಿ ಒಂದು ಫಾರಿನ್ ಕಾರಿತ್ತು. ಗೃಹಪ್ರವೇಶದ ಹಿಂದಿನ ಸಂಜೆ ಅದನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ, “ಭಾವ, ನಾಳೆ ನನಗೆ ಪುರುಸೊತ್ತಿಲ್ಲ. ನಿಮ್ಮ ಊರಿನ ವೆಂಕಟಕೃಷ್ಣ ಭಟ್ಟರನ್ನು ನೀವೇ ಕರಕೊಂಡು ಬನ್ನಿ. ಪುರೋಹಿತರು ಬಂದು ಮುಟ್ಟದೆ ಮುಹೂರ್ತ ಇಲ್ಲ” ಎಂದು ಕೀಲಿಕೈ ಕೊಟ್ಟು, ಗೆಳೆಯನ ಬೈಕಿನಲ್ಲಿ ಹೋದ.

ಸೌದಾಮಿನಿ ಕೂಡಲೇ ಪಂಥ ಹಾಕಿದಳು. “ಈ ಕಾರಿನಲ್ಲಿ ಮುಹೂರ್ತಕ್ಕೆ ಮೊದಲು ಭಟ್ಟರನ್ನು ಮುಟ್ಟಿಸಿದರೆ ನೀವು ಹೇಳಿದ ಕಾರು ತೆಗೆಯುವ. ದಾರಿಯಲ್ಲಿ ಬೇರೆ ಗಾಡಿ ಹಿಡಿಯಬೇಕಾಗಿ ಬಂದರೆ ನಾನು ಹೇಳಿದ್ದು. ಆಗದಾ?”

“ಆಗಬಹುದು!” ಎಂದೆ. ರಾಜ್ಯವೇ ಕೈಗೆ ಬಂದಂತಾಯಿತು.

ಬೆಳಗ್ಗೆ ಎದ್ದವನೇ ಕಾರಿಗೆ ಪೂಜೆ ಸುರುಮಾಡಿದೆ. ಚಕ್ರಗಳ ಅಡಿಗೆ ನಿಂಬೆಹುಳಿ, ಹಣೆಗೆ ಗಂಧ, ಕುಂಕುಮ, ಮೂಗಿನಿಂದ ಗಲ್ಲದವರೆಗೆ ಇಳಿಬಿದ್ದ ಮಲ್ಲಿಗೆ ಮಾಲೆ!

“ಪೂಜೆಯೆಲ್ಲ ತಮ್ಮ ಮೊದಲೇ ಮಾಡಿಸಿದ್ದಾನೆ” ಎಂದಳು ಸೌದಾಮಿನಿ.

“ಪರದೇಶಿ ಕಾರು ಪಾಪ, ನಮ್ಮ ದೇವರ ಪರಿಚಯ ಸಾಲದು” ಎಂದೆ. ನಿಂಬೆಹುಳಿ ಪಚಕ್ಕೆಂದಿತು. ಸವಾರಿ ಹೊರಟಿತು. ನನ್ನ ಪಕ್ಕದಲ್ಲಿ ಭಟ್ಟರು, ಹಿಂದೆ ಸೌದಾಮಿನಿ, ಡಿಕ್ಕಿಯಲ್ಲಿ ಹೋಮದ ತೆಂಗಿನಕಾಯಿ.

ಅರ್ಧ ದಾರಿಯವರೆಗೆ ಕಾರು ಹಂಸದ ಹಾಗೆ ತೇಲಿತು. ನಾನು ಫಾರಿನ್ ಕಾರಿನ ಬಗ್ಗೆ ಬಾಯಿ ನೋಯುವಷ್ಟು ಪ್ರವಚನ ಕೊಟ್ಟೆ. ಮತ್ತೆ ಒಂದು ಏರು ಬಂತು, ಹೊಂಡಗಳು ಬಂದವು. “ಟಿಂಗ್! ಟಿಂಗ್! ಟಿಂಗ್!” ಎಂದು ಬಾಯಿ ಬಡಿದುಕೊಂಡ ಕಾರು ತಾನೇ ಬ್ರೇಕು ಹಾಕಿ ನಿಂತೇ ಬಿಟ್ಟಿತು. ಎದುರಿನ ಪರದೆಯ ಮೇಲೆ ಕೆಂಪು ಅಕ್ಷರ: ಮುಂದೆ ಅಡ್ಡಿ ಇದೆ!

ಮುಂದೆ ಎಂತದ್ದೂ ಇರಲಿಲ್ಲ. ಒಂದು ಕೋಳಿಯೂ ಇರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಕಾರು ಗೇಣು ಮುಂದೆ ಹೋಗುತ್ತದೆ, ಕಿರುಚುತ್ತದೆ, ನಿಲ್ಲುತ್ತದೆ.

ಭಟ್ಟರು ಕಿಟಕಿಯಿಂದ ಹೊರಗೆ ನೋಡಿ ಮೆಲ್ಲನೆ ಹೇಳಿದರು. “ಮಾಷ್ಟ್ರೆ, ನಿಂತದ್ದು ಎಲ್ಲಿ ಗೊತ್ತುಂಟಾ? ಗುಳಿಗ ದೈವದ ಕಟ್ಟೆ. ನಮ್ಮ ಕಣ್ಣಿಗೆ ಕಾಣದ್ದು ಇದಕ್ಕೆ ಕಾಣುತ್ತದೋ ಏನೋ!”

ನನ್ನ ಗಣಿತವೆಲ್ಲ ಬೆವರಾಗಿ ಇಳಿಯಿತು. ಭಟ್ಟರು ಕಟ್ಟೆಯೆದುರು ಕಾಯಿ ಒಡೆದರು. ನಾನು ಕಾಣಿಕೆ ಹಾಕಿ ಕೈಮುಗಿದೆ. ಕಾರು ಮಾತ್ರ ಟಿಂಗ್ ಟಿಂಗ್ ಬಿಡಲಿಲ್ಲ.

ಅಷ್ಟು ಹೊತ್ತಿಗೆ ನಮ್ಮ ನೆರೆಯ ಸುಕುಮಾರ ಊರಿನದ್ದೇ ಆದ ತನ್ನ ಹಳೆಯ ಕಾರಿನಲ್ಲಿ ಗಡಗಡ ಎಂದು ಬಂದ. ಅವನೂ ಅದೇ ಗೃಹಪ್ರವೇಶಕ್ಕೆ ಹೊರಟವನು. “ಎಂತ ಮಾಷ್ಟ್ರೆ, ಫಾರಿನ್ ಮಲಗಿತಾ? ಬನ್ನಿ, ನನ್ನದರಲ್ಲಿ ಜಾಗ ಉಂಟು.”

“ಹತ್ತುವ, ಮುಹೂರ್ತ ಮೀರ್ತದೆ” ಎಂದು ಸೌದಾಮಿನಿ ನಗುನಗುತ್ತಾ ಇಳಿದಳು. ಹತ್ತಿದರೆ ಪಂಥ ಹೋಯಿತು! “ಮಲಗಿದ್ದಲ್ಲ ಮಾರಾಯ, ದೇವರಿಗೆ ಕೈ ಮುಗಿಯಲಿಕ್ಕೆ ನಿಲ್ಲಿಸಿದ್ದು. ನೀನು ಮುಂದೆ ಹೋಗು” ಎಂದು ಹಲ್ಲು ಕಿರಿದು ಅವನನ್ನು ಸಾಗಹಾಕಿದೆ.

“ಹಠಕ್ಕೂ ಒಂದು ಮಿತಿ ಬೇಕು” ಎಂದು ಗೊಣಗಿದ ಸೌದಾಮಿನಿಯ ಕಣ್ಣು ಕಾರಿನ ಮೂತಿಗೆ ಬಿತ್ತು. “ಇಷ್ಟು ಒಳ್ಳೆಯ ಮಲ್ಲಿಗೆ ಕಬ್ಬಿಣಕ್ಕೆ ಯಾಕೆ? ನಾನು ಹೂ ಮುಡಿಯಲಿಕ್ಕೇ ಮರೆತಿದ್ದೇನೆ.” ಹೊಂಡದ ಕುಲುಕಿಗೆ ಸಡಿಲಾಗಿ, ಎದುರಿನ ಅಡ್ಡಿ ಕಾಣುವ ಸೆನ್ಸರಿನ ಕಣ್ಣಿಗೆ ಸರಿಯಾಗಿ ತೂಗಾಡುತ್ತಿದ್ದ ಮಾಲೆಯನ್ನು ಕಿತ್ತು ತಲೆಗೆ ಸಿಕ್ಕಿಸಿಕೊಂಡಳು.

ಟಿಂಗ್ ಟಿಂಗ್ ಗಪ್ಪನೆ ನಿಂತಿತು!

ನಾನು ಅವಳನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಇಬ್ಬರಿಗೂ ಅರ್ಥವಾಯಿತು. ‘ಮರ್ಯಾದೆ ಉಳಿಸು’ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಗಟ್ಟಿಯಾಗಿ ಹೇಳಿದ್ದು ಬೇರೆ. “ನೋಡಿ ಭಟ್ಟರೆ, ನಿಮ್ಮ ಕಾಯಿಯ ಮಹಿಮೆ!”

ಆಮೇಲೆ ನೋಡಬೇಕಿತ್ತು ಆ ಕಾರಿನ ಓಟ! ಸುಕುಮಾರನನ್ನು ಹಾರ್ನ್ ಹೊಡೆದು ಹಿಂದೆ ಹಾಕಿದೆ. ಮುಹೂರ್ತಕ್ಕೆ ಇನ್ನೂ ಸಮಯವಿರುವಾಗಲೇ ಹೊಸ ಮನೆಯ ಅಂಗಳದಲ್ಲಿ ಭಟ್ಟರನ್ನು ಇಳಿಸಿದೆ. ಯುದ್ಧ ಗೆದ್ದು ಬಂದವನಿಗೂ ಅಷ್ಟು ಸಂತೋಷ ಆಗಿರಲಿಕ್ಕಿಲ್ಲ. “ಮಾತು ಮಾತೇ, ಒಪ್ಪಿದೆ. ನಿಮ್ಮ ಫಾರಿನ್ನೇ ಆಗಲಿ” ಎಂದಳು ಸೌದಾಮಿನಿ. ಹೋಮದ ಹೊಗೆಯಲ್ಲೂ ನನಗೆ ಕಾರಿನ ಬಣ್ಣಗಳೇ ಕಂಡವು.

ಊಟದ ಪಂಕ್ತಿಯಲ್ಲಿ ಭಟ್ಟರು ಕಟ್ಟೆಯ ಪ್ರಸಂಗವನ್ನು ರಸವತ್ತಾಗಿ ಬಣ್ಣಿಸಿದರು. ಪಂಕ್ತಿಯೇ ಬೆರಗಾಯಿತು. ನಾನು ಎದೆಯುಬ್ಬಿಸಿ ಕೂತೆ. “ಹಾಗಾದರೆ ನೀವೂ ಒಂದು ಫಾರಿನ್ ತೆಗೆಯಿರಿ ಭಟ್ಟರೆ” ಎಂದ ಸುಕುಮಾರ.

“ಅಯ್ಯೋ, ನಾನು ಊರಿನದ್ದನ್ನೇ ಬುಕ್ ಮಾಡಿಯಾಯಿತು ಮಾರಾಯ. ನಮ್ಮಲ್ಲಿ ತಿರುವಿಗೊಂದು ಕಟ್ಟೆ. ಎಲ್ಲ ಕಡೆ ನಿಲ್ಲುವ ಕಾರಿನಲ್ಲಿ ಹೊರಟರೆ ಬೆಳಗ್ಗಿನ ಗಣಹೋಮಕ್ಕೆ ಸಾಯಂಕಾಲ ಮುಟ್ಟಬಹುದು!”

ಪಂಕ್ತಿ ಘೊಳ್ಳೆಂದು ನಕ್ಕಿತು. “ಫಾರಿನ್ ನಂಬಲಿಕ್ಕಾಗದು” ಎಂದು ಒಬ್ಬ, “ನಮಗೆ ಊರಿನದ್ದೇ ಸರಿ” ಎಂದು ಇನ್ನೊಬ್ಬ. ಪಾಯಸ ಬಡಿಸುತ್ತಾ ಬಂದ ಸೌದಾಮಿನಿ ನನ್ನ ಕಿವಿಯಲ್ಲಿ ಕೇಳಿದಳು. “ಅಡ್ಡಿ ಎಂತದ್ದು, ಅದನ್ನು ಕಟ್ಟಿದ್ದು ಯಾರು ಅಂತ ಹೇಳಲಾ? ಹೇಳಿದರೆ ಕಾರಿನ ಮರ್ಯಾದೆ ಉಳಿಯುತ್ತದೆ. ಹೇಳದಿದ್ದರೆ ನಿಮ್ಮದು.”

ಹೇಳದೆ ಫಾರಿನ್ ಕೊಂಡರೆ ಊರೇ ನಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಮಲ್ಲಿಗೆಗೆ ಹೋಗಲಿದ್ದ ಮಾನಕ್ಕೆ ನಾನು ಒಂದು ಫಾರಿನ್ ಕಾರನ್ನೇ ಕೊಟ್ಟುಬಿಟ್ಟೆ! “ನಾವೂ ಊರಿನದ್ದೇ ತೆಗೆಯುವುದು!” ಎಂದು ಪಂಕ್ತಿಗೆಲ್ಲ ಕೇಳುವಂತೆ ಘೋಷಿಸಿದೆ. ಎಲ್ಲರೂ ಭೇಷ್ ಎಂದರು. ಕಾರು ಹೋದರೂ ಮಾನ ಉಳಿಯಿತೆಂದು ನೆಮ್ಮದಿಯಿಂದ ಪಾಯಸಕ್ಕೆ ಕೈ ಹಾಕಿದೆ.

“ಸಂತೋಷ ಮಾಷ್ಟ್ರೆ” ಎಂದರು ಭಟ್ಟರು, ಎಲೆಯಿಂದ ತಲೆಯೆತ್ತದೆ. “ಹೊಸ ಕಾರಿಗೆ ಪೂಜೆ ನಾನೇ ಮಾಡಿಕೊಡ್ತೇನೆ. ಮಾಲೆ ಮಾತ್ರ ಹಿಂದೆ ಕಟ್ಟುವ, ಆಗದಾ?”