ಗಾಜಿಗೆ ನೀರು ಬಿಡದ ಕಾರು

ತಪ್ಪು ಹೊರಿಸಲು ಕೈಗೆಟುಕುವಷ್ಟು ಹತ್ತಿರ ಯಾರಾದರೂ ಇದ್ದರೆ ಸಂಸಾರ ಸಲೀಸಾಗಿ ಸಾಗುತ್ತದೆ ಎಂದು ನಂಬಿದವನು ನಾನು. ಹೊಸಪೇಟೆಯ ಸುತ್ತ ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಆ ವರ್ಷಗಳಲ್ಲಿ ನನಗೆ ಈ ಬಾಬತ್ತಿನಲ್ಲಿ ಕೊರತೆಯೇ ಇರಲಿಲ್ಲ. ಎಲ್ಲದಕ್ಕೂ ಕೆಂಪು ಧೂಳಿತ್ತು. ಅಂಗಿ ಬೆಳ್ಳಗಾಗಲಿಲ್ಲವೇ? ಧೂಳು. ಕಚೇರಿಗೆ ತಡವಾಯಿತೇ? ಲಾರಿ, ಅದರ ಹಿಂದೆ ಧೂಳು. ಒಮ್ಮೆ ನಾನು ಮಾಡಿದ ಉಪ್ಪಿಟ್ಟು ಸೀದು ಹೋದಾಗಲೂ ಆ ಬಣ್ಣಕ್ಕೆ ಧೂಳೇ ಕಾರಣವೆಂದು ವಾದಿಸಿ ನೋಡಿದೆ. ನನ್ನ ಹೆಂಡತಿ ಶಶಿಕಲಾ ಅದೊಂದನ್ನು ಮಾತ್ರ ಒಪ್ಪಲಿಲ್ಲ.

ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ದೊಡ್ಡ ಗಾಡಿಯಿಂದ ಇಳಿಯುತ್ತಿದ್ದ ಕಾಲವದು. ನಮ್ಮ ಓಣಿಯಲ್ಲಿ ಎರಡು ಲಾರಿ ಇಟ್ಟವನೊಬ್ಬ ನೋಡನೋಡುತ್ತಲೇ ಆರು ಲಾರಿಯ ಧಣಿಯಾದ. ಅವನಿಗೆ ಬೇಡವಾದ ಹಳೆಯ ಕಾರು ನೀರಾವರಿ ಕಚೇರಿಯ ಗುಮಾಸ್ತನಾದ ನನ್ನ ಪಾಲಿಗೆ ಬಂತು. ದಸರಾ ಮುಗಿದದ್ದೇ ತಡ, ಅದರ ಮುಂದಿನ ಗಾಜಿಗೆ ನೀರು ಚಿಮ್ಮುವುದು ನಿಂತುಹೋಯಿತು. ಸ್ಟೇರಿಂಗ್ ಪಕ್ಕದ ಕಡ್ಡಿ ಎಳೆದರೆ ಒಳಗೆಲ್ಲೋ ಮೋಟಾರು ಗುಂಯ್ ಎನ್ನುತ್ತಿತ್ತು, ನೀರು ಮಾತ್ರ ಇಲ್ಲ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಂದಿಲ್ಲವೆಂದು ಕಂಪ್ಲಿ, ಕಮಲಾಪುರದ ರೈತರು ದಿನವೂ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ‘ನೋಡೋಣ’ ಎಂದು ಅವರನ್ನು ಸಾಗಹಾಕುತ್ತಿದ್ದ ನನಗೆ ಈಗ ಎರಡು ಮೊಳದ ಗಾಜಿಗೆ ನೀರು ಹಾಯಿಸುವ ಯೋಗ್ಯತೆ ಇರಲಿಲ್ಲ.

ಮೆಕ್ಯಾನಿಕ್ ಖಾಜಾಸಾಬರ ಹತ್ತಿರ ಹೋದೆ. ಅವರು ಲಾರಿಯ ಕೆಳಗೆ ಮಲಗಿದ್ದವರು ತಲೆಯಷ್ಟೇ ಹೊರಗೆ ಹಾಕಿ, “ಮೋಟ್ರು ಸಪ್ಪಳ ಮಾಡ್ತೈತೇನ್ರಿ?” ಎಂದರು. ಮಾಡುತ್ತದೆ ಎಂದೆ. “ಹಂಗಾರ ಮೋಟ್ರು ಚೊಲೋ ಐತ್ರಿ. ಬಾನೆಟ್ ಮ್ಯಾಲೆ ನೀರು ಬರೋ ತೂತು ಕಟ್ಟಿರ್ತಾವ. ಒಂದು ಪಿನ್ ತಗೊಂಡು ಚುಚ್ರಿ, ಅಷ್ಟ” ಎಂದು ಮತ್ತೆ ಒಳಗೆ ಸರಿದರು. ಎದ್ದು ಬಂದು ನೋಡದೆ ಕೊಟ್ಟ ಸಲಹೆಗೆ ಬೆಲೆ ಏನು? ನನಗೆ ಸಿಟ್ಟೇ ಬಂತು. ಅಷ್ಟು ದೊಡ್ಡ ತೊಂದರೆಗೆ ಅಷ್ಟು ಸಣ್ಣ ಪಿನ್ನು!

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಊಟಕ್ಕೆ ಕೂತರೂ ಮನಸ್ಸು ಬಾನೆಟ್ಟಿನ ಕೆಳಗೇ ಓಡಾಡುತ್ತಿತ್ತು. ಧೂಳು ಟ್ಯಾಂಕಿಗೆ ಇಳಿದಿದೆ ಎಂದು ತೀರ್ಮಾನಿಸಿ ಟ್ಯಾಂಕ್ ತೊಳೆದೆ. ಪೈಪಿನಲ್ಲಿದೆ ಎಂದು ಬಾಯಿಟ್ಟು ಊದಿದೆ. ಕೆನ್ನೆ ನೋವು ಬಂತು. ಪೈಪನ್ನೇ ಬದಲಿಸಿದೆ. ಧೂಳು ಕರಗಲೆಂದು ಸೀಗೆಕಾಯಿ ನೀರು ಹಾಕಿದೆ. “ಕಾರಿಗೆ ಎಣ್ಣಿ ಹಚ್ಚಿ ಎರಿಯೋದೊಂದು ಉಳೀತು ನೋಡ್ರಿ” ಎಂದಳು ಶಶಿಕಲಾ.

ಇಷ್ಟರಲ್ಲಿ ಅವಳಿಗೆ ವಡ್ಡು ಗ್ರಾಮದ ಶಾಲೆಗೆ ಟೀಚರಾಗಿ ನೇಮಕದ ಆದೇಶ ಬಂತು. ವರ್ಷಗಟ್ಟಲೆ ಕಾದ ಕೆಲಸ. ಅಮಾವಾಸ್ಯೆ ಕಳೆಯಲಿ, ಮಂಗಳವಾರ ಬೇಡ ಎಂದು ನಮ್ಮ ಅವ್ವ ಮುಂದೂಡುತ್ತಾ ಹೋಗಿ ಕೊನೆಗೆ ಗಡುವಿನ ಒಂದೇ ದಿನ ಉಳಿಯಿತು. ಅದು ಶನಿವಾರ, ಬೆಳಗಿನ ಶಾಲೆ. ಹನ್ನೊಂದೂವರೆಗೆ ಬಾಗಿಲು ಹಾಕುತ್ತಾರೆ, ಅಷ್ಟರೊಳಗೆ ಹಾಜರಾಗದಿದ್ದರೆ ಆದೇಶ ರದ್ದು. ಅವಳು ಬಸ್ಸಿಗೆ ಹೊರಟಿದ್ದಳು. “ಮನ್ಯಾಗ ಕಾರ್ ಇಟ್ಕೊಂಡು ಬಸ್ ಯಾಕ? ಕುಂದ್ರು” ಎಂದು ಗತ್ತಿನಿಂದ ಹೇಳಿದವನು ನಾನೇ.

ತೋರಣಗಲ್ಲಿನ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಮಳೆ ಹನಿಯತೊಡಗಿತು. ಜೋರು ಮಳೆಯಾಗಿದ್ದರೆ ಗಾಜನ್ನಾದರೂ ತೊಳೆಯುತ್ತಿತ್ತು. ಇದು ಧೂಳನ್ನು ಕಲಸುವಷ್ಟೇ ಹನಿ. ಮುಂದಿನ ಲಾರಿಗಳು ಚಿಮ್ಮಿಸಿದ ಕೆಸರನ್ನು ವೈಪರು ಗೋಡೆಗೆ ಕೆಮ್ಮಣ್ಣು ಸಾರಿಸಿದಂತೆ ಗಾಜಿನ ತುಂಬ ಸಾರಿಸಿತು. ರಸ್ತೆ ಕಾಣದು. ನಿಲ್ಲಿಸಿ ಕುಡಿಯುವ ನೀರು ಸುರಿದೆವು. ಒಂದು ಮೈಲಿಗೆ ಮತ್ತೆ ಕೆಂಪು. ಮೂರನೆಯ ಸಲಕ್ಕೆ ಬಾಟಲಿ ಖಾಲಿ. ನಾನು ಬಾನೆಟ್ ಎತ್ತಿ ಅದಿರು, ಲಾರಿ, ಸರ್ಕಾರ ಎಲ್ಲವನ್ನೂ ಬೈಯುತ್ತ ನಿಂತೆ. ಶಶಿಕಲಾ ಗಡಿಯಾರ ನೋಡಿದಳು, ಕಣ್ಣಲ್ಲಿ ನೀರಿತ್ತು. ಕಾರ್ಖಾನೆಗೆ ಹೆಂಗಸರನ್ನು ಒಯ್ಯುತ್ತಿದ್ದ ಟೆಂಪೋ ಒಂದಕ್ಕೆ ಕೈ ಮಾಡಿದಳು. ಹತ್ತುವ ಮುಂಚೆ ಬಳೆಗೆ ಸಿಕ್ಕಿಸಿದ್ದ ಪಿನ್ ತೆಗೆದು ನನ್ನ ಅಂಗೈಯಲ್ಲಿಟ್ಟು, “ಖಾಜಾಸಾಬರು ಹೇಳಿದ್ದು ಒಮ್ಮಿ ಮಾಡಿ ನೋಡ್ರಿ” ಎಂದು ಹೊರಟೇ ಹೋದಳು.

ಮುಖ ಒರೆಸಲು ಬಟ್ಟೆ ಹುಡುಕುವಾಗ ಹಿಂದಿನ ಸೀಟಿನಲ್ಲಿ ಅವಳ ಫೈಲು ಕಂಡಿತು. ಆದೇಶ, ಮೂಲ ಅಂಕಪಟ್ಟಿಗಳು, ಎಲ್ಲವೂ ಅದರಲ್ಲೇ. ಮನೆಯಲ್ಲಿದ್ದ ಒಂದೇ ಮೊಬೈಲು ನನ್ನ ಜೇಬಿನಲ್ಲಿತ್ತು. ಇನ್ನು ವಾದಕ್ಕೆ ಹೊತ್ತಿರಲಿಲ್ಲ. ಪಿನ್ ಬಿಚ್ಚಿ ಬಾನೆಟ್ಟಿನ ತೂತಿಗೆ ಚುಚ್ಚಿದೆ. ಕೆಂಪು ಧೂಳು ಬರಲಿಲ್ಲ. ಸಿಮೆಂಟಿನಂತೆ ಗಟ್ಟಿಯಾದ ವಿಭೂತಿಯ ತುಣುಕು ಬಂತು, ಅದರ ನೆತ್ತಿಯ ಮೇಲೆ ಕುಂಕುಮ. ಇನ್ನೊಂದು ತೂತಿನಲ್ಲೂ ಅದೇ. ಆಯುಧಪೂಜೆಯ ದಿನ ಕಾರಿಗೆ ಪೂಜೆ ಮಾಡಿದವನು ನಾನು. ಎರಡು ತೂತುಗಳು ಬಸವಣ್ಣನ ಮೂಗಿನ ಹೊಳ್ಳೆಗಳಂತೆ ಮುದ್ದಾಗಿ ಕಂಡವೆಂದು ವಿಭೂತಿಯನ್ನು ನೀರಲ್ಲಿ ಕಲಸಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಬಳಿದಿದ್ದೆ. ಭಕ್ತಿ ಸ್ವಲ್ಪ ಕಡಿಮೆಯಿದ್ದಿದ್ದರೆ ಹೆಂಡತಿಯ ಕೆಲಸ ಉಳಿಯುತ್ತಿತ್ತಲ್ಲ ಎಂದು ನಾಚಿಕೆಯಾಯಿತು.

ಕಡ್ಡಿ ಎಳೆದೆ. ಸೀಗೆಕಾಯಿ ನೀರು ಗಾಜನ್ನು ಬಿಟ್ಟು ಕಾರಿನ ನೆತ್ತಿ ಹಾರಿ ಹಿಂದೆ ಬಿತ್ತು. ತೂತಿನ ಮುಖವನ್ನು ಪಿನ್ನಿಂದ ಕೆಳಗೆ ತಿರುಗಿಸಿ ಮತ್ತೆ ನೋಡಿದೆ. ಗಾಜು ಶುಚಿಯಾಯಿತು, ರಸ್ತೆ ಕಂಡಿತು. ನಾನು ಕಾರು ಓಡಿಸಿದ ರೀತಿಗೆ ಅದಿರಿನ ಲಾರಿಯವರೇ ಬದಿಗೆ ಸರಿದರು.

ಶಾಲೆ ತಲುಪಿದಾಗ ಹನ್ನೊಂದೂವರೆಗೆ ಇನ್ನೂ ಐದು ನಿಮಿಷವಿತ್ತು. ಬರಿಗೈಯಲ್ಲಿ ನಿಂತ ಶಶಿಕಲಾಗೆ ಹೆಡ್ಮಾಸ್ತರರು, “ಕಾಗದ ಇಲ್ದ ನಾ ಹೆಂಗ ಸೈನ್ ಮಾಡಿಸ್ಕೊಳ್ರಿ ಮೇಡಂ?” ಎನ್ನುತ್ತಿದ್ದರು. ನಾನು ಏದುಸಿರು ಬಿಡುತ್ತ ನುಗ್ಗಿ ಫೈಲನ್ನು ಮೇಜಿನ ಮೇಲಿಟ್ಟೆ. ಅವರು ಆದೇಶ ಓದಿದರು, ಅವಳು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದಳು. ಆಮೇಲಷ್ಟೇ ಹೆಡ್ಮಾಸ್ತರರು ತಲೆಯಿಂದ ಕಾಲಿನವರೆಗೆ ಕೆಸರಾಗಿದ್ದ ನನ್ನನ್ನು ನೋಡಿ, “ಇಂವ ನಿಮ್ಮ ಡ್ರೈವರ್ ಏನ್ರಿ ಮೇಡಂ?” ಎಂದು ಕೇಳಿದರು.

ಶಶಿಕಲಾ ಪೆನ್ನಿನ ಮುಚ್ಚಳ ಹಾಕಿ ನನ್ನನ್ನು ಒಂದು ಗಳಿಗೆ ನೋಡಿದಳು. “ಹೂಂ ಸರ್. ಮನುಷ್ಯಾ ಭಾಳ ಚೊಲೋ, ಹೇಳಿದ್ದು ಮಾತ್ರ ಕೇಳಂಗಿಲ್ಲ” ಎಂದಳು. ನಾನು ಹೆಡ್ಮಾಸ್ತರರಿಗೆ ನಮಸ್ಕಾರ ಮಾಡಿ, ಹೊರಗೆ ಹೋಗಿ ಕಾರಿನ ಪಕ್ಕದಲ್ಲಿ ನಿಂತುಕೊಂಡೆ.