ಕಲಬುರಗಿ ಬಿಸಿಲಿನ ಮರ್ಯಾದೆ

ಹವಾಮಾನ ಬದಲಾಗಿದೆ ಎಂದು ಒಬ್ಬರನ್ನು ಒಪ್ಪಿಸುವುದಕ್ಕಿಂತ ಹವಾಮಾನವನ್ನೇ ಬದಲಿಸುವುದು ಸುಲಭ. ಹೈದರಾಬಾದಿನ ಅಮೀರ್‌ಪೇಟ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದು ಆಗಾಗ ಸಾಬೀತಾಗುತ್ತಲೇ ಇರುತ್ತದೆ.

ನಮ್ಮ ಸಂಘದ ಅಧ್ಯಕ್ಷರು ಕಲಬುರಗಿಯವರು, ತೊಗರಿಬೇಳೆ ವ್ಯಾಪಾರಿ. ಅಂಗಳದ ಬೇವಿನ ಮರ ಕಡಿದು ಕಾರು ನಿಲ್ಲಿಸಬೇಕೆಂದು ಅರ್ಧ ಜನ, ಬೇಡವೆಂದು ಅರ್ಧ ಜನ. ತೀರ್ಮಾನ ಅಧ್ಯಕ್ಷರ ಕೈಯಲ್ಲಿತ್ತು. ಮರದ ನೆರಳು ನನ್ನ ಮಲಗುವ ಕೋಣೆಯ ಮೇಲೆ ಬೀಳುತ್ತದೆ. ಹಾಗಾಗಿ ಭೂಮಿಯ ಭವಿಷ್ಯದ ಬಗ್ಗೆ ನನಗೆ ವಿಶೇಷ ಕಾಳಜಿ.

ಹಿಮಕರಡಿ

ಅಧ್ಯಕ್ಷರಿಗೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದೆ. ಮಂಜು ಕರಗಿ, ಬಡಕಲು ಹಿಮಕರಡಿಯೊಂದು ನಿಲ್ಲಲು ಜಾಗವಿಲ್ಲದೆ ಒದ್ದಾಡುತ್ತಿತ್ತು. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು.

"ಪಾಪ, ಅದಕ್ಕ ರೂಢಿಲ್ಲ."

"ಭೂಮಿ ಬಿಸಿಯಾಗ್ತಿದೆ ಸಾರ್."

"ನೀವು ಮೈಸೂರಿನವ್ರು, ನಿಮಗ ಹಂಗೇ ಅನಸ್ತದ. ನಮ್ಮ ಕಲಬುರ್ಗಿ ಬಿಸಿಲಿನ ಮುಂದ ಇದು ಬೆಳದಿಂಗಳು! ಆ ಕರಡಿನೂ ಒಂದ್ ಬ್ಯಾಸಗಿ ನಮ್ಮೂರಿಗೆ ಕಳಸ್ರಿ. ಗಟ್ಟಿ ಆಗ್ತದ."

ಸಂಡಿಗೆ

ಅಧ್ಯಕ್ಷರ ಹೆಂಡತಿ ಬೇಸಿಗೆಯಲ್ಲಿ ತಾರಸಿಯ ಮೇಲೆ ಸಂಡಿಗೆ ಇಟ್ಟರು. ಮಧ್ಯಾಹ್ನ ಆಲಿಕಲ್ಲು ಮಳೆ ಸುರಿದು ಸಂಡಿಗೆ ಗಂಜಿಯಾಯಿತು.

"ಬ್ಯಾಸಗ್ಯಾಗ ಆಣೆಕಲ್ಲು ಬೀಳ್ಲಿಕತ್ತಾವ, ನೀವು ಏನೂ ಬದಲಾಗಿಲ್ಲ ಅಂತೀರಿ!" ಎಂದು ಆಕೆ ರೇಗಿದರು.

"ಹೈದರಾಬಾದ್ ಬಿಸಿಲಿಗೆ ನಿಯತ್ತಿಲ್ಲ," ಎಂದ ಅಧ್ಯಕ್ಷರು, ಮರುವಾರ ಅಕ್ಕಿಹಿಟ್ಟನ್ನು ಬಸ್ಸಿನಲ್ಲಿ ಕಲಬುರಗಿಯ ತಂಗಿಗೆ ಕಳಿಸಿದರು. ಅಲ್ಲಿಯೂ ಸಂಡಿಗೆ ಇಟ್ಟ ದಿನವೇ ಮಳೆ.

ಈಗಲಾದರೂ ಒಪ್ಪುತ್ತಾರೆಂದು ಹೋಗಿ ಕೇಳಿದೆ.

"ಅದು ನಮ್ಮೂರಿನ ಮಳಿ ಅಲ್ರಿ," ಎಂದರು. "ಹೈದರಾಬಾದಿನ ಮೋಡ ಹಿಟ್ಟಿನ ಹಿಂದನೇ ಬಸ್ ಹತ್ತಿ ಹೋಗ್ಯದ."

ಕೊನೆಯ ಸಭೆ

ಮರ ಕಡಿಯುವ ಬಗ್ಗೆ ತೀರ್ಮಾನಿಸಲು ಮೇ ತಿಂಗಳಲ್ಲಿ ಸಭೆ ಸೇರಿತು. ಒಳಗೆ ಕೂರಲಾಗದಷ್ಟು ಸೆಕೆ. ಎಲ್ಲರೂ ಕುರ್ಚಿ ಎತ್ತಿಕೊಂಡು ಬಂದು ಬೇವಿನ ಮರದ ಕೆಳಗೇ ಕೂತರು. ಎರಡನೇ ಕಾರು ಕೊಂಡಿದ್ದ ಮೂರನೇ ಮಹಡಿಯವರು ಮರ ಕಡಿಯುವ ಅಗತ್ಯದ ಬಗ್ಗೆ, ಇದ್ದುದರಲ್ಲಿ ದಟ್ಟ ನೆರಳು ಹುಡುಕಿಕೊಂಡು ಮಾತಾಡಿದರು.

"ಬರೋಬ್ಬರಿ ಅದ, ಕಡೀರಿ," ಎನ್ನಲು ಅಧ್ಯಕ್ಷರು ಬಾಯಿ ತೆರೆದರು. ಆಗಲೇ ತಂಗಿಯ ಫೋನು ಬಂತು. ಕಿವಿ ಮಂದವಾದ್ದರಿಂದ ಅವರು ಫೋನನ್ನು ಸ್ಪೀಕರಿನಲ್ಲೇ ಇಡುವುದು.

"ಅಣ್ಣಾ, ಟಿವ್ಯಾಗ ತೋರಸ್ಲಿಕತ್ತಾರ! ಇವತ್ತ ನಮಗಿಂತ ನಿಮ್ಮ ಹೈದರಾಬಾದಿನಾಗೇ ಜಾಸ್ತಿ ಬಿಸಿಲಂತ!"

ಅಧ್ಯಕ್ಷರ ಮುಖ ಬಾಡಿತು. ಒಂದು ಲೋಟ ನೀರು ಕುಡಿದು ಎದ್ದು ನಿಂತರು.

"ಹೈದರಾಬಾದ್ ನಮ್ಮ ಕಲಬುರ್ಗಿನ ಹಿಂದ ಹಾಕ್ತದಂದ್ರ, ಹವಾಮಾನ ಖರೇನೇ ಕೆಟ್ಟದ್ರಿ. ಗಿಡ ಮುಟ್ಟಬ್ಯಾಡ್ರಿ. ಇನ್ನೂ ಹತ್ತು ಹಚ್ರಿ!"

"ಭೂಮಿ ಉಳಿಸೋಣ ಅಂತೀರಾ ಸಾರ್?" ಎಂದು ಕೈ ಮುಗಿದು ಕೇಳಿದೆ.

"ಭೂಮಿದು ಆಮ್ಯಾಲ ನೋಡೋಣ್ರಿ. ಮೊದಲ ಈ ಊರು ತಂಪಾಗಿ ಎರಡನೇ ನಂಬರಿಗೆ ಬರ್ಲಿ."